ಸುದ್ದಿಯ ವೇಷದಲ್ಲಿ ಬರುವ ಜಾಹೀರಾತು



ಭೀಮಾ ತೀರದ ದೇವಣಗಾಂವದ ಸೀಮೆಯಲ್ಲಿ, ಸಿಂದಗಿ ವಿಧಾನಸಭಾ ಕ್ಷೇತ್ರಕ್ಕೆ 2021ರ ಅಕ್ಟೋಬರ್ 30ರಂದು ಉಪಚುನಾವಣೆ ನಡೆಯಿತು. ಆಗ ಒಬ್ಬ ಅಭ್ಯರ್ಥಿಯು ಮಾಡಬಹುದಾಗಿದ್ದ ವೆಚ್ಚದ ಮಿತಿ 30.80 ಲಕ್ಷ ರೂಪಾಯಿ. ಹಣವುಳ್ಳವನೂ ಇಲ್ಲದವನೂ ಮತದಾರನ ಮುಂದೆ ಸಮನಾಗಿ ನಿಲ್ಲಲಿ ಎಂಬುದೇ ಇಂತಹ ಮಿತಿಯ ಉದ್ದೇಶ. ಆದರೆ ಯಾವುದೇ ಕ್ಷೇತ್ರದಲ್ಲಾಗಲಿ, ಹಣವು ಸುದ್ದಿಯ ವೇಷ ಧರಿಸಿ ಬಂದರೆ ಅದು ಯಾವ ಲೆಕ್ಕಪುಸ್ತಕಕ್ಕೆ ಸಿಕ್ಕೀತು?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವು 1843ರ ಜುಲೈ 1ರಂದು ಹೊರಬಂದಿತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರಾಗಿದ್ದರು. ಅಂದಿನಿಂದಲೂ ಓದುಗನ ನಂಬಿಕೆಯೇ ಪತ್ರಿಕೆಗಳ ನಿಜವಾದ ಬಂಡವಾಳ. 1975ರ ತುರ್ತು ಪರಿಸ್ಥಿತಿಯಲ್ಲಿ ಸರಕಾರವು ಪತ್ರಿಕೆಗಳ ಬಾಯಿ ಕಟ್ಟಿತು. ಅದು ಎಲ್ಲರ ಕಣ್ಣಿಗೂ ಕಾಣುವ ಬಲಾತ್ಕಾರವಾಗಿತ್ತು. ಮುಂದೆ ಬಂದ ಕೇಡಾದರೋ ಕಣ್ಣಿಗೆ ಕಾಣದಂಥದು.

2009ರ ಲೋಕಸಭಾ ಚುನಾವಣೆಯ ಬಳಿಕ 'ಕಾಸಿಗಾಗಿ ಸುದ್ದಿ'ಯ ದೂರುಗಳು ದೇಶದ ಅನೇಕ ಕಡೆಗಳಿಂದ ಕೇಳಿಬಂದವು. ಭಾರತೀಯ ಪತ್ರಿಕಾ ಮಂಡಳಿಯು ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿಯವರಿಗೆ ವಿಚಾರಣೆಯ ಹೊಣೆಯನ್ನು ಒಪ್ಪಿಸಿತು. ಹಣಕ್ಕೆ ತಕ್ಕ ಹೊಗಳಿಕೆಯ 'ಪ್ಯಾಕೇಜ್'ಗಳನ್ನು ಅವರ ವರದಿಯು ಬಯಲಿಗೆಳೆಯಿತು. ಒಂದೇ ಪುಟದಲ್ಲಿ ಇಬ್ಬರು ಎದುರಾಳಿಗಳಿಗೂ ಗೆಲುವು ಖಚಿತವೆಂದು ಬರೆದ ಉದಾಹರಣೆಗಳು ಅದರಲ್ಲಿದ್ದವು. ವಿಪರ್ಯಾಸವೆಂದರೆ, 2010ರಲ್ಲಿ ಮಂಡಳಿಯು ಅದರ ಸಂಕ್ಷಿಪ್ತ ರೂಪವನ್ನು ಮಾತ್ರ ಪ್ರಕಟಿಸಿತು. ಪತ್ರಿಕೆಗಳ ಹೆಸರುಗಳಿದ್ದ 71 ಪುಟಗಳ ಪೂರ್ಣ ವರದಿಯು 2011ರಲ್ಲಿ, ಕೇಂದ್ರ ಮಾಹಿತಿ ಆಯೋಗದ ಆದೇಶದ ನಂತರವೇ ಜನರಿಗೆ ದೊರೆಯಿತು.

ಅದೇ 2011ರ ಅಕ್ಟೋಬರಿನಲ್ಲಿ ಚುನಾವಣಾ ಆಯೋಗವು ಉತ್ತರಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು 3 ವರ್ಷಗಳ ಕಾಲ ಅನರ್ಹಗೊಳಿಸಿತು. 2007ರ ಚುನಾವಣೆಯಲ್ಲಿ ಸುದ್ದಿಯಂತೆ ಅಚ್ಚಾದ ಪ್ರಚಾರದ 21,250 ರೂಪಾಯಿಗಳನ್ನು ಅವರು ಲೆಕ್ಕದಲ್ಲಿ ತೋರಿಸಿರಲಿಲ್ಲ. ಮೊತ್ತವು ಅಲ್ಪವೆಂದು ತೋರಬಹುದು, ಆದರೆ ಮುಚ್ಚಿಟ್ಟದ್ದು ಅಲ್ಪವಲ್ಲ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಶಿಕ್ಷೆಯಾದುದು ತಪ್ಪು ಲೆಕ್ಕಕ್ಕೆ. ಕಾಸಿಗಾಗಿ ಸುದ್ದಿಯನ್ನೇ ಚುನಾವಣಾ ಅಪರಾಧವೆಂದು ಸಾರಬೇಕೆಂದು ಕಾನೂನು ಆಯೋಗವು 2015ರಲ್ಲಿ ಶಿಫಾರಸು ಮಾಡಿತು. ಸಂಸತ್ತು ಅದನ್ನು ಕಾನೂನನ್ನಾಗಿ ಮಾಡಲಿಲ್ಲ.

ಸುದ್ದಿಯ ಹಿಂದಿನ ಹಣದಂತೆಯೇ ಪಕ್ಷದ ಹಿಂದಿನ ಹಣವೂ ಮರೆಯಲ್ಲಿರಲು ಬಯಸುತ್ತದೆ. ಅಭ್ಯರ್ಥಿಯ ವೆಚ್ಚಕ್ಕೆ ಮಿತಿಯುಂಟು, ಪಕ್ಷದ ವೆಚ್ಚಕ್ಕೆ ಮಿತಿಯಿಲ್ಲ. 2018ರಲ್ಲಿ ಬಂದ ಚುನಾವಣಾ ಬಾಂಡುಗಳಿಂದ ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತೆಂಬುದು ಮತದಾರನಿಗೆ ತಿಳಿಯದಂತಾಯಿತು. ಕೊಟ್ಟವನು ನಾಳೆ ಏನನ್ನು ಕೇಳುವನೆಂದು ಊಹಿಸಲೂ ಆತನಿಗೆ ದಾರಿಯಿರಲಿಲ್ಲ. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಈ ಯೋಜನೆಯನ್ನು ರದ್ದುಪಡಿಸಿ, ತಿಳಿಯುವುದು ಮತದಾರನ ಹಕ್ಕೆಂದು ಎತ್ತಿಹಿಡಿಯಿತು.

ಹಕ್ಕೆಂದ ಮೇಲೆ ಅದನ್ನು ಬಳಸುವ ಹೊಣೆಯೂ ನಮ್ಮದೇ ಅಲ್ಲವೇ? ಚುನಾವಣೆಯ ದಿನಗಳಲ್ಲಿ ಪತ್ರಿಕೆಯನ್ನು ಮನೆಮಂದಿಯೆಲ್ಲ ಕೂಡಿ ಓದಿರಿ. ಒಂದೇ ಬರಹ ಎರಡು ಪತ್ರಿಕೆಗಳಲ್ಲಿ ಅಕ್ಷರಶಃ ಬಂದಿದೆಯೇ? ಹೊಗಳಿಕೆಯಿದ್ದು ಒಂದೂ ಪ್ರಶ್ನೆಯಿಲ್ಲವೇ? ಎದುರಾಳಿಯ ಮಾತು ಎಲ್ಲಿಯೂ ಇಲ್ಲವೇ? ಹಾಗಿದ್ದರೆ ಸಂಶಯಪಡಿರಿ. ಕೈಗೆ ಬಂದ ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸಗಳನ್ನು ಹುಡುಕಿರಿ. ಅವು ಇರಲೇಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ಹೇಳುತ್ತದೆ. ಕಾಸಿನ ಸುದ್ದಿಯನ್ನು ಪರಿಶೀಲಿಸುವ ಸಮಿತಿಯು ಪ್ರತಿ ಜಿಲ್ಲೆಯಲ್ಲಿಯೂ ಚುನಾವಣಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಇರುತ್ತದೆ. ಅದಕ್ಕೆ ದೂರು ಕೊಡಲು ಯಾವ ದೊಡ್ಡಸ್ತಿಕೆಯೂ ಬೇಕಿಲ್ಲ.

ನೋಟು ಪಡೆದು ಮತ ಹಾಕುವವನನ್ನು ನಾವು ಸುಲಭವಾಗಿ ಹಳಿಯುತ್ತೇವೆ. ನಮ್ಮ ತೀರ್ಮಾನವನ್ನು ಬೇರೊಬ್ಬರು ಕೊಂಡು, ಅಚ್ಚು ಹಾಕಿಸಿ, ಬೆಳಗಿನ ಚಹಾದೊಂದಿಗೆ ನಮಗೇ ಮಾರಿದರೆ, ಕಳೆದುಕೊಂಡವರು ನಾವೇ. ಅದಕ್ಕೆ ಬೆಲೆ ತೆತ್ತವರೂ ನಾವೇ.