ಪೊಲೀಸರನ್ನು ಬೈದರೆ ಜನಾಂಗೀಯ ನಿಂದನೆ ಕೇಸ್ ಆಗುತ್ತದೆಯೇ? ಕಾನೂನು ಹೇಳುವುದೇನು?

ಆಸ್ಟ್ರೇಲಿಯಾ ಮಹಿಳಾ ಫುಟ್‌ಬಾಲ್ ತಂಡದ ನಾಯಕಿ ಸ್ಯಾಮ್ ಕೆರ್ ಲಂಡನ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬರಿಗೆ ‘ನೀವು ದಡ್ಡರು, ಬಿಳಿಯರು’ ಎಂದು ಬೈದು ಕಟಕಟೆ ಹತ್ತಬೇಕಾಯಿತು. ಇಂಥ ಸುದ್ದಿ ಬಂದಾಗ ಎರಡು ಮಾತು ಕೇಳಿಬರುತ್ತವೆ. ಒಂದು, ‘ಪೊಲೀಸರನ್ನು ಬೈದರೆ ಸಾಕು, ಜನಾಂಗೀಯ ಅಪರಾಧ’. ಇನ್ನೊಂದು, ‘ಪೊಲೀಸರಿಗೆ, ಅದರಲ್ಲೂ ಬಿಳಿಯ ಪೊಲೀಸರಿಗೆ ಈ ಕಾನೂನು ಅನ್ವಯಿಸುವುದೇ ಇಲ್ಲ’. ಎರಡೂ ತಪ್ಪು. ಏಕೆ ಎಂದು ನೋಡೋಣ.

ಅಂದು ನಡೆದದ್ದೇನು?

2023ರ ಜನವರಿ 30ರ ನಸುಕಿನಲ್ಲಿ ಕೆರ್ ಮತ್ತು ಅವರ ಸಂಗಾತಿ ಟ್ಯಾಕ್ಸಿಯಲ್ಲಿ ಮನೆಗೆ ಹೊರಟಿದ್ದರು. ಕುಡಿದಿದ್ದ ಕೆರ್ ಕಿಟಕಿಯಾಚೆ ವಾಂತಿ ಮಾಡಿಕೊಂಡರು. ಚಾಲಕನ ಜೊತೆ ಜಗಳವಾಯಿತು. ಆತ ಗಾಡಿಯನ್ನು ನೇರವಾಗಿ ಟ್ವಿಕನ್‌ಹ್ಯಾಮ್ ಪೊಲೀಸ್ ಠಾಣೆಗೆ ತಂದು ನಿಲ್ಲಿಸಿದ. ತಮ್ಮನ್ನು ಅಪಹರಿಸುತ್ತಿದ್ದಾನೆ ಎಂದು ಹೆದರಿ ಕಿಟಕಿ ಗಾಜು ಒಡೆದೆವು ಎಂಬುದು ಇಬ್ಬರ ವಾದ. ಠಾಣೆಯಲ್ಲಿ ಪೊಲೀಸರು ತಮ್ಮ ಮಾತು ನಂಬುತ್ತಿಲ್ಲ ಎಂಬ ಸಿಟ್ಟಿನಲ್ಲಿ ಕೆರ್ ಆ ಮಾತು ಆಡಿದರು. ಪೊಲೀಸರ ಮೈಮೇಲಿದ್ದ ಕ್ಯಾಮೆರಾದಲ್ಲಿ ಅದು ದಾಖಲಾಯಿತು.

ಮೊದಲು ಪ್ರಾಸಿಕ್ಯೂಷನ್ ಇಲಾಖೆ ಕೇಸ್ ಹಾಕಲು ಒಪ್ಪಲಿಲ್ಲ. ಸುಮಾರು ಹನ್ನೊಂದು ತಿಂಗಳ ನಂತರ ಅಧಿಕಾರಿ ಎರಡನೇ ಹೇಳಿಕೆ ಕೊಟ್ಟು, ಆ ಮಾತಿನಿಂದ ತಮಗೆ ಆಘಾತ, ನೋವು, ಅವಮಾನವಾಯಿತು ಎಂದರು. ಆಮೇಲೆ ಆರೋಪ ದಾಖಲಾಯಿತು. 2025ರ ಫೆಬ್ರವರಿ 11ರಂದು ಕಿಂಗ್‌ಸ್ಟನ್ ಕ್ರೌನ್ ಕೋರ್ಟ್‌ನಲ್ಲಿ ಜ್ಯೂರಿ ಕೆರ್ ನಿರ್ದೋಷಿ ಎಂದಿತು. ಆದರೆ ವಿಷಯ ಇಲ್ಲಿಯವರೆಗೆ ಬರಲು ಕೆರ್ ಅವರ ವರ್ತನೆಯೂ ದೊಡ್ಡ ಕಾರಣ ಎಂದು ನ್ಯಾಯಾಧೀಶರು ಹೇಳಿದರು.

ಇನ್ನೊಂದು ಸಂಗತಿ: ಕೆರ್ ಅವರ ತಂದೆ ಹುಟ್ಟಿದ್ದು ಕೋಲ್ಕತ್ತದಲ್ಲಿ. ತಾವು ಆಂಗ್ಲೋ-ಇಂಡಿಯನ್ ಮೂಲದವರು, ಮೈಬಣ್ಣದ ಕಾರಣಕ್ಕೆ ಪೊಲೀಸರು ತಮ್ಮನ್ನು ಬೇರೆ ರೀತಿ ನಡೆಸಿಕೊಂಡರು ಎಂದು ತಮಗೆ ಅನ್ನಿಸಿತು ಎಂದು ಅವರು ಹೇಳಿದ್ದರು. ತಾವು ಹೇಳಿದ್ದು ಪೊಲೀಸರ ಅಧಿಕಾರ ಮತ್ತು ಸವಲತ್ತಿನ ಬಗ್ಗೆಯೇ ಹೊರತು ಬಿಳಿಯರ ಮೇಲಿನ ದ್ವೇಷದಿಂದಲ್ಲ ಎಂಬುದು ಅವರ ವಾದವಾಗಿತ್ತು.

ಅಲ್ಲಿನ ಕಾನೂನು ಏನು ನೋಡುತ್ತದೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1998ರ ಅಪರಾಧ ಮತ್ತು ಅಶಾಂತಿ ಕಾಯ್ದೆ ಕೆಲವು ಅಪರಾಧಗಳಿಗೆ ‘ಜನಾಂಗೀಯ’ ಎಂಬ ತೂಕ ಸೇರಿಸುತ್ತದೆ. ಅದಕ್ಕೆ ಮೊದಲು ಮೂಲ ಅಪರಾಧವೇ ಸಾಬೀತಾಗಬೇಕು. ಕೆರ್ ಮೇಲಿನ ಆರೋಪದಲ್ಲಿ ಅದಕ್ಕೆ ಎರಡು ಅಂಶ ಬೇಕಿತ್ತು:

• ಎದುರಿನವರಿಗೆ ಕಿರುಕುಳ, ಭಯ ಅಥವಾ ಸಂಕಟ ಕೊಡುವ ಉದ್ದೇಶವಿರಬೇಕು.
• ಅದು ನಿಜಕ್ಕೂ ಆಗಿರಬೇಕು.

ಅದರ ಮೇಲೆ, ಜನಾಂಗದ ಕಾರಣಕ್ಕೆ ಹಗೆತನ ತೋರಿದ್ದು ಅಥವಾ ಅದೇ ಹಗೆತನದಿಂದ ಹಾಗೆ ಮಾಡಿದ್ದು ಸಾಬೀತಾಗಬೇಕು. ಮೂಲ ಅಪರಾಧಕ್ಕೆ ಗರಿಷ್ಠ 6 ತಿಂಗಳ ಜೈಲು. ಜನಾಂಗೀಯ ಅಂಶ ಸೇರಿದರೆ 2 ವರ್ಷ.

ಜನಾಂಗ ಎಂದರೆ ಇಲ್ಲಿ ಬಣ್ಣ, ರಾಷ್ಟ್ರೀಯತೆ, ಬುಡಕಟ್ಟು ಅಥವಾ ದೇಶದ ಮೂಲ. ‘ಬಿಳಿಯ’ ಎಂಬುದೂ ಬಣ್ಣವೇ. ಹಾಗಾಗಿ ಬಿಳಿಯರೂ ಈ ಕಾನೂನಿನ ಒಳಗೇ ಇದ್ದಾರೆ. 2007ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ‘ವಿದೇಶಿಯರು’ ಎಂದು ಬೈದದ್ದೂ ಇದರಡಿ ಬರಬಹುದು ಎಂದಿತ್ತು. ಆದರೆ ‘ಪೊಲೀಸ್’ ಎಂಬುದು ಈ ಪಟ್ಟಿಯಲ್ಲಿಲ್ಲ. ಅದು ಉದ್ಯೋಗ, ಹುಟ್ಟಲ್ಲ.

ಬರೀ ಬೈಗುಳವಾದರೆ? 2011ರಲ್ಲಿ ಲಂಡನ್ ಹೈಕೋರ್ಟ್ ಹೇಳಿದ್ದು ಇಷ್ಟು: ಪೊಲೀಸರು ಕೆಟ್ಟ ಮಾತನ್ನು ದಿನಾ ಕೇಳುತ್ತಾರೆ. ಅದರಿಂದ ಅವರಿಗೆ ಸಂಕಟವಾಯಿತು ಎಂದು ಸುಮ್ಮನೆ ಊಹಿಸುವಂತಿಲ್ಲ, ಸಾಕ್ಷ್ಯ ಬೇಕು.

ಹಾಗಿದ್ದರೆ ಪೊಲೀಸರಿಗೆ ಈ ರಕ್ಷಣೆ ಬೇಕೇ?

ಬೇಡ ಎನ್ನುವವರ ವಾದದಲ್ಲಿ ಹುರುಳಿದೆ. ಲಾಠಿ, ಬೇಡಿ, ಕೇಸ್ ಹಾಕುವ ಅಧಿಕಾರ ಇರುವವರು ‘ನನಗೆ ನೋವಾಯಿತು’ ಎಂದು ದೂರು ಕೊಟ್ಟರೆ, ಪೊಲೀಸರನ್ನು ಪ್ರಶ್ನಿಸಲು ಜನ ಹೆದರಬಹುದು. ಆದರೆ ಕಪ್ಪು ಬಣ್ಣದ ಅಥವಾ ಭಾರತೀಯ ಮೂಲದ ಕಾನ್‌ಸ್ಟೇಬಲ್ ಒಬ್ಬರನ್ನು ಯೋಚಿಸಿ. ಅವರ ಬಣ್ಣ ಹಿಡಿದು ಹಂಗಿಸಿದರೆ ‘ಖಾಕಿ ಹಾಕಿದ್ದೀರಿ, ಸಹಿಸಿಕೊಳ್ಳಿ’ ಎನ್ನಲಾದೀತೇ? ಸಮವಸ್ತ್ರ ತೊಟ್ಟ ಮಾತ್ರಕ್ಕೆ ಹುಟ್ಟು ಅಳಿಸಿಹೋಗುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ: ಸಮವಸ್ತ್ರವನ್ನು ಜನಾಂಗ ಮಾಡಬಾರದು, ಸಮವಸ್ತ್ರದೊಳಗಿನ ಮನುಷ್ಯನ ರಕ್ಷಣೆಯನ್ನೂ ಕಿತ್ತುಕೊಳ್ಳಬಾರದು. ಕೋರ್ಟ್ ನೋಡಬೇಕಾದದ್ದು ಹಗೆತನ ಹುಟ್ಟಿನ ಮೇಲೋ, ಅಧಿಕಾರದ ಮೇಲೋ ಎಂಬುದನ್ನು.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಇಂಗ್ಲೆಂಡ್‌ನಂಥ ಪ್ರತ್ಯೇಕ ಜನಾಂಗೀಯ ನಿಂದನೆ ಕಾನೂನಿಲ್ಲ. ಇದಕ್ಕೆ ಹತ್ತಿರವಾದದ್ದು ಜನ ‘ಅಟ್ರಾಸಿಟಿ ಕೇಸ್’ ಎನ್ನುವ, 1989ರ ಪರಿಶಿಷ್ಟ ಜಾತಿ ಮತ್ತು ಪಂಗಡ ದೌರ್ಜನ್ಯ ತಡೆ ಕಾಯ್ದೆ. ಪರಿಶಿಷ್ಟ ಸಮುದಾಯದ ಪೊಲೀಸರೊಬ್ಬರನ್ನು, ಆ ಸಮುದಾಯಗಳಿಗೆ ಸೇರದವರು ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರೆತ್ತಿ ಬೈದರೆ 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆಯಾಗಬಹುದು. ಇಲ್ಲೂ ಕಾರಣ ಜಾತಿ, ಖಾಕಿಯಲ್ಲ. ಅವಮಾನ ಜಾತಿಯ ಕಾರಣಕ್ಕೇ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ.

ಕರ್ತವ್ಯದಲ್ಲಿರುವ ಪೊಲೀಸರ ಮೇಲೆ ಕೈ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 132, ಕೆಲಸಕ್ಕೆ ಅಡ್ಡಿ ಮಾಡಿದರೆ ಸೆಕ್ಷನ್ 221 ಇದೆ. ಬರೀ ಕೂಗಾಡಿದ್ದು ಹಲ್ಲೆಯಾಗದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ, ಬೆಂಗಳೂರಿನ ಕೇಂದ್ರ ಆಡಳಿತ ನ್ಯಾಯಮಂಡಳಿ ಸಿಬ್ಬಂದಿಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿತು. ಹಾಗೆಂದು ಬೈಯಲು ಪರವಾನಗಿ ಸಿಕ್ಕಿತು ಎಂದಲ್ಲ. ಜಗಳಕ್ಕೆ ಪ್ರಚೋದಿಸುವಂತೆ ಬೇಕೆಂದೇ ಅವಮಾನಿಸಿದರೆ ಸೆಕ್ಷನ್ 352 ಇದೆ.

ನೆನಪಿಡಬೇಕಾದದ್ದು

ಠಾಣೆಯಲ್ಲಿ ಅನ್ಯಾಯ ಆಗುತ್ತಿದೆ ಅನ್ನಿಸಿದರೆ ಅಧಿಕಾರಿಯ ಹೆಸರು, ಸಮಯ ಬರೆದಿಟ್ಟುಕೊಳ್ಳಿ, ಮೇಲಧಿಕಾರಿಗೆ ಲಿಖಿತ ದೂರು ಕೊಡಿ. ‘ನೀವು ಮಾಡುತ್ತಿರುವುದು ತಪ್ಪು’ ಎಂದರೆ ಅದು ಪ್ರಶ್ನೆ. ಬಣ್ಣ, ಜಾತಿ ಹಿಡಿದು ಬೈದರೆ ನಿಮ್ಮ ದೂರು ಹಿಂದೆ ಸರಿದು, ನಿಮ್ಮ ಮೇಲಿನ ಕೇಸ್ ಮುಂದೆ ಬರುತ್ತದೆ. ಓದಲು, ಕೆಲಸಕ್ಕೆಂದು ಬ್ರಿಟನ್‌ನಲ್ಲಿರುವ ನಮ್ಮ ಮಕ್ಕಳಿಗಂತೂ ಇದು ಗೊತ್ತಿರಲೇಬೇಕು. ಅಲ್ಲಿ ವೀಸಾ ಅರ್ಜಿಯಲ್ಲಿ ಅಪರಾಧದ ದಾಖಲೆ ಕೇಳುತ್ತಾರೆ. ಕೆರ್ ನಿರ್ದೋಷಿಯಾದರು ನಿಜ. ಆದರೆ ಒಂದು ರಾತ್ರಿಯ ಮಾತಿಗೆ ಎರಡು ವರ್ಷ ಕಾಯಬೇಕಾಯಿತು.