ವಿದೇಶಿ ಉಗ್ರಗಾಮಿ ಸಂಘಟನೆಗಳತ್ತ ಮಹಿಳೆಯರ ವಲಸೆ

ಹುಟ್ಟಿದ ನಾಡು ತೊರೆದು ಹೊರದೇಶದ ಸಶಸ್ತ್ರ ಸಂಘಟನೆಯನ್ನು ಸೇರಲು ಮಹಿಳೆಯರು ಹೊರಡುವುದು ಹೊಸದೇನಲ್ಲ. ಆದರೆ 2014ರ ಜೂನ್‌ನಲ್ಲಿ ಐಸಿಸ್ ಖಿಲಾಫತ್ ಘೋಷಿಸಿದ ಮೇಲೆ ಅವರ ಸಂಖ್ಯೆ ಬೆರಗು ಹುಟ್ಟಿಸುವಷ್ಟಾಯಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2018ರಲ್ಲಿ ಕಲೆಹಾಕಿದ ಲೆಕ್ಕದಂತೆ, ಇರಾಕ್ ಮತ್ತು ಸಿರಿಯಾದಲ್ಲಿ ಅದನ್ನು ಸೇರಿದ 41,490 ವಿದೇಶಿಯರಲ್ಲಿ 4,761 ಮಂದಿ ಮಹಿಳೆಯರು.

ಕನ್ನಡಿಗರಿಗೆ ಹತ್ತಿರದ ಪ್ರಕರಣ ಕಾಸರಗೋಡಿನದು. 2016ರ ಮೇ, ಜೂನ್ ತಿಂಗಳಲ್ಲಿ ಕೇರಳದ 21 ಮಂದಿ ಕಾಣೆಯಾದರು. ಬಹುಪಾಲು ಈ ಜಿಲ್ಲೆಯವರೇ. ಮಂಜೇಶ್ವರ, ಕುಂಬಳೆಯ ಕನ್ನಡ ಸೀಮೆಯವರಲ್ಲ, ದಕ್ಷಿಣ ತುದಿಯ ಪಡನ್ನ, ತೃಕ್ಕರಿಪುರದವರು. ಶ್ರೀಲಂಕಾಕ್ಕೆ ಹೊರಟಿದ್ದೇವೆಂದು ಕೆಲವರು ಮನೆಯಲ್ಲಿ ಹೇಳಿದ್ದರು. ತಲುಪಿದ್ದು ಐಸಿಸ್ ಶಾಖೆಯ ನೆಲೆಯಿದ್ದ ಅಫ್ಘಾನಿಸ್ತಾನದ ನಂಗರ್‌ಹಾರ್. ಗುಂಪಿನಲ್ಲಿ ಗರ್ಭಿಣಿಯರಿದ್ದರು, ದಂತವೈದ್ಯಕೀಯ ಓದುತ್ತಿದ್ದವಳಿದ್ದಳು, ಮತಾಂತರಗೊಂಡವರೂ ಇದ್ದರು. ಬಡತನ, ಅನಕ್ಷರತೆಯೇ ಕಾರಣವೆಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಅದೇ ವರ್ಷ ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣದಲ್ಲಿ ಕಾಬೂಲಿಗೆ ಹೊರಟಿದ್ದ ಬಿಹಾರ ಮೂಲದ ಶಿಕ್ಷಕಿಯೊಬ್ಬರನ್ನು ಪುಟ್ಟ ಮಗುವಿನ ಸಮೇತ ತಡೆಯಲಾಯಿತು. ಕಾಸರಗೋಡು ಪ್ರಕರಣದ ಆರೋಪಿಯಾಗಿದ್ದ ಅವರಿಗೆ ಕೊಚ್ಚಿಯ ಎನ್‌ಐಎ ನ್ಯಾಯಾಲಯ 2018ರಲ್ಲಿ 7 ವರ್ಷ ಶಿಕ್ಷೆ ವಿಧಿಸಿತು.

ಏಕೆ ಹೋಗುತ್ತಾರೆ? ಗಂಡನ ಬೆನ್ನಿಗೆ ಹೋದವರು ಅನೇಕರು. ಆದರೆ 'ಜಿಹಾದಿ ವಧು' ಎಂಬ ಪತ್ರಿಕೆಗಳ ಮೆಚ್ಚಿನ ಹಣೆಪಟ್ಟಿ ಸೋಮಾರಿತನದ್ದು. ಹೆಣ್ಣಿನ ಸ್ವಂತ ತೀರ್ಮಾನವನ್ನೂ ಹೊಣೆಯನ್ನೂ ಅದು ಒಟ್ಟಿಗೆ ಅಳಿಸಿಹಾಕುತ್ತದೆ. ಆಪ್ತವಲಯದ ಧಾರ್ಮಿಕ ತರಗತಿ, ಟೆಲಿಗ್ರಾಂನ ಧ್ವನಿಸಂದೇಶ, ಹಿಜ್ರತ್ (ಧರ್ಮಕ್ಕಾಗಿ ವಲಸೆ) ಕರ್ತವ್ಯವೆಂಬ ಬೋಧನೆ ಇವೆಲ್ಲ ಕೂಡಿ ಕೆಲಸ ಮಾಡುತ್ತವೆ. ಯುರೋಪಿನಲ್ಲಿ ಹಿಜಾಬಿಗಾಗಿ ಎದುರಿಸಿದ ಅವಮಾನ, ಸಿರಿಯಾದ ಸಾವುನೋವಿನ ದೃಶ್ಯಗಳು, ಹರೆಯದ ಸಾಹಸದಾಸೆಯೂ ಸೇರಿದವು. 2015ರಲ್ಲಿ ಐಸಿಸ್ ಸೇರಲು ಲಂಡನ್ ಬಿಟ್ಟು ಸಿರಿಯಾಕ್ಕೆ ಹೊರಟಾಗ ಶಮೀಮಾ ಬೇಗಂಗೆ 15 ವರ್ಷ. ಹೋದವರಿಗೆ ಅಲ್ಲಿ ಸಿಕ್ಕಿದ್ದು ಬಹುತೇಕ ಅಡುಗೆಮನೆ, ಬಸಿರು, ವೈಧವ್ಯ, ಮತ್ತೆ ಮದುವೆ. ಅಧಿಕಾರ ಸಿಕ್ಕ ಕೆಲವರೂ ಇದ್ದರು: ಸಿರಿಯಾದ ರಕ್ಕಾದಲ್ಲಿ ಐಸಿಸ್‌ನ ಅಲ್ ಖನ್ಸಾ ಪಡೆಯ ಹೆಂಗಸರು ಇತರ ಹೆಂಗಸರ ಉಡುಪಿನಲ್ಲಿ ತಪ್ಪು ಹುಡುಕಿ ಶಿಕ್ಷಿಸುತ್ತಿದ್ದರು.

ಗಂಡಂದಿರು ಸತ್ತ ಬಳಿಕ ಕೇರಳದ ನಾಲ್ವರು 2019ರ ಕೊನೆಯಲ್ಲಿ ಮಕ್ಕಳೊಂದಿಗೆ ಅಫ್ಘನ್ ಪಡೆಗಳಿಗೆ ಶರಣಾಗಿ ಕಾಬೂಲಿನ ಜೈಲು ಸೇರಿದರು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಜೈಲುಗಳ ಬಾಗಿಲು ತೆರೆಯಿತು. ಮಗಳನ್ನೂ ಮೊಮ್ಮಗಳನ್ನೂ ಕರೆಸಿಕೊಡಿ ಎಂದು ತಂದೆಯೊಬ್ಬರು ಸಲ್ಲಿಸಿದ್ದ ಅರ್ಜಿಯ ಮೇಲೆ, ಅವರ ಮನವಿಯನ್ನು 8 ವಾರಗಳಲ್ಲಿ ತೀರ್ಮಾನಿಸುವಂತೆ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಕೇಂದ್ರಕ್ಕೆ ಸೂಚಿಸಿತು.