ಜೀರ್ಣೋದ್ಧಾರವೂ ಮೂಲಾನ್ವೇಷಣೆಯೂ: ಚಿಕ್ಕಮಗಳೂರು ಸೀಮೆಯ ಕ್ರೈಸ್ತಸಭೆ

ಯಾವ ಧರ್ಮಸಂಸ್ಥೆಯೇ ಆಗಲಿ, ಕಾಲವಶದಿಂದ ಶಿಥಿಲವಾದಾಗ ಅದನ್ನು ಹೊಸದುಮಾಡಬೇಕೆಂಬ ಇಚ್ಛೆಯೂ ಅದರ ನಿಜಸ್ವರೂಪವಾವುದೆಂಬ ಪ್ರಶ್ನೆಯೂ ಜೊತೆಯಾಗಿಯೇ ಹುಟ್ಟುತ್ತವೆ. ನಮ್ಮ ಆಗಮಜ್ಞರು ಜೀರ್ಣೋದ್ಧಾರವೆಂದು ಕರೆಯುವ ಕಾರ್ಯದಲ್ಲಿ ಗೋಡೆಯನ್ನು ಕೆಡವಿ ಕಟ್ಟಬಹುದು. ಗುಡಿಯು ಯಾವುದಕ್ಕಾಗಿ ನಿಂತಿತೋ ಅದನ್ನು ಮರೆತು ಕಟ್ಟಿದರೆ ಅದು ಉದ್ಧಾರವಾಗದು. ಈ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ಕ್ರೈಸ್ತಸಭೆಯು ಎದುರಿಸಿದ ಬಗೆಗೆ ಚಿಕ್ಕಮಗಳೂರು ಸೀಮೆಯು ತಕ್ಕ ನಿದರ್ಶನವಾಗಿದೆ.

ಕ್ರಿ. ಶ. 1963ನೆಯ ನವೆಂಬರ್ 16ರಂದು ಮೈಸೂರು ಧರ್ಮಪ್ರಾಂತದಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತವು ಸ್ಥಾಪಿತವಾಯಿತು. ಅಲ್ಫೋನ್ಸಸ್ ಮಥಾಯಸರು ಅದರ ಮೊದಲ ಧರ್ಮಾಧ್ಯಕ್ಷರು. ಅದಾದ ಹದಿನೆಂಟನೆಯ ದಿನ, ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯ ಪೂಜಾವಿಧಿಶಾಸನವನ್ನು ಆರನೆಯ ಪಾಲ್ ಜಗದ್ಗುರುಗಳು ಪ್ರಕಟಿಸಿದರು. ಅಲ್ಲಿಯವರೆಗೆ ಉಪದೇಶವೂ ಹಾಡುಗಳೂ ಜನರ ನುಡಿಯಲ್ಲಿ ನಡೆಯಬಹುದಾಗಿದ್ದರೂ ಬಲಿಪೂಜೆಯು ಲತೀನಿನಲ್ಲಿಯೇ ನಡೆಯುತ್ತಿದ್ದಿತು. ಶಾಸನವು ದೇಶಭಾಷೆಗಳಿಗೆ ಬಾಗಿಲನ್ನು ತೆರೆಯಿತು. ಹೀಗೆ ಈ ಪ್ರಾಂತದ ಶೈಶವವೂ ಸಮಸ್ತ ಸಭೆಯ ನವೀಕರಣವೂ ಒಂದೇ ಕಾಲದಲ್ಲಿ ಆರಂಭವಾದುವು.

ಇದನ್ನು ಪ್ರಾಚೀನತೆಯ ಲೋಪವೆಂದು ಶೋಕಿಸಿದವರುಂಟು. ಆದರೆ ರೋಮಾಪುರದ ಆದಿಕ್ರೈಸ್ತರು ಗ್ರೀಕಿನಲ್ಲಿ ಪೂಜಿಸುತ್ತಿದ್ದರೆಂಬುದೂ, ಜನರಿಗೆ ಗ್ರೀಕು ದೂರವಾದ ಮೇಲೆ ಲತೀನು ಅದರ ಸ್ಥಾನಕ್ಕೆ ಬಂದಿತೆಂಬುದೂ ಇತಿಹಾಸಜ್ಞರಿಗೆ ವಿದಿತವೇ ಆಗಿದೆ. ಅಂದಮೇಲೆ ಲತೀನೂ ಒಮ್ಮೆ ದೇಶಭಾಷೆಯೇ. ನಮ್ಮಲ್ಲಿಯೂ ಮಂತ್ರಗಳಿಗೆ ಅರ್ಥವಿಲ್ಲವೆಂಬ ಕೌತ್ಸನ ಪಕ್ಷವನ್ನು ಯಾಸ್ಕನು ನಿರುಕ್ತದಲ್ಲಿ ಖಂಡಿಸಿರುವನಷ್ಟೆ. ವೈದಿಕರು ಶಬ್ದವನ್ನು ಬದಲಿಸದೆ ಅರ್ಥವನ್ನು ಬೋಧಿಸುವ ಮಾರ್ಗವನ್ನು ಹಿಡಿದರು. ರೋಮನ್ ಸಭೆಯು ಅರ್ಥಕ್ಕಾಗಿ ಶಬ್ದವನ್ನೇ ಬದಲಿಸಿತು. ಅರ್ಥವಿಲ್ಲದ ಉಚ್ಚಾರಣೆಯು ಸಾಲದೆಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ.

ಆದರೆ ದೇಶಭಾಷೆಯೆಂದರೆ ಯಾರ ಭಾಷೆ? ಮೂಡಿಗೆರೆ, ಕಳಸಗಳ ಕಾಫಿ ತೋಟಗಳಿಗೆ ದಕ್ಷಿಣ ಕನ್ನಡದಿಂದ ಘಟ್ಟವೇರಿ ಬಂದವರು ಕೊಂಕಣಿ, ತುಳುಗಳನ್ನಾಡುವವರು. ತಮಿಳು ಸೀಮೆಯಿಂದ ಬಂದ ಕೂಲಿಗಳೂ ಇದ್ದರು. ತಾಯ್ನುಡಿಯಲ್ಲಿ ಪ್ರಾರ್ಥಿಸುವುದು ನಿಜವೋ, ನೆಲದ ನುಡಿಯಾದ ಕನ್ನಡದಲ್ಲಿ ಎಲ್ಲರೂ ಕೂಡಿ ಪ್ರಾರ್ಥಿಸುವುದು ನಿಜವೋ? ಎರಡಕ್ಕೂ ನ್ಯಾಯವುಂಟು. ಪ್ರಾಟೆಸ್ಟಂಟ್ ಸಭೆಗಳು ಕನ್ನಡದ ಮಾರ್ಗವನ್ನು ಬಹು ಹಿಂದೆಯೇ ತುಳಿದಿದ್ದುವು. ಕಿಟ್ಟೆಲರು 1862ರಲ್ಲಿಯೇ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ರಚಿಸಿದುದನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರು.

ಭಾಷೆಯ ಹಿಂದೆಯೇ ಆಚಾರದ ಪ್ರಶ್ನೆಯು ಬಂದಿತು. 1967ರಲ್ಲಿ ಬೆಂಗಳೂರಿನಲ್ಲಿ ಡಿ. ಎಸ್. ಅಮಲೋರ್ಪವದಾಸರ ನೇತೃತ್ವದಲ್ಲಿ ಬೈಬಲ್, ಧರ್ಮಶಿಕ್ಷಣ ಮತ್ತು ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರವು ಆರಂಭವಾಯಿತು. 1969ರಲ್ಲಿ ಅಂಜಲಿ, ಆರತಿ, ದೀಪ ಮೊದಲಾದ ಹನ್ನೆರಡು ಅಂಶಗಳಿಗೆ ರೋಮಿನ ಅನುಮತಿಯು ದೊರೆಯಿತು. ಸಂಸ್ಕೃತಾಭ್ಯಾಸಿಗಳಿಗೆ ಇದು ಪ್ರಿಯವಾಗಿ ತೋರುವುದು ಸಹಜ. ಆದರೆ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲರು ಮಾಡಿದ ಆಕ್ಷೇಪವನ್ನು ಕಡೆಗಣಿಸಲಾಗದು. ಭಾರತೀಯ ಕ್ರೈಸ್ತಚಿಂತನೆಯು ಬ್ರಾಹ್ಮಣಪರಂಪರೆಯನ್ನೇ ಭಾರತೀಯತೆಯೆಂದು ಹಿಡಿದು, ಶೂದ್ರ ದಲಿತರ ಅನುಭವವನ್ನು ಮರೆತಿತೆಂಬುದೇ ಅವರ ವಾದದ ಸಾರ. ಗುಡಿಯ ಹೊರಗೆ ನಿಲ್ಲಿಸಲ್ಪಟ್ಟವರ ಸಂತತಿಗೆ ಗುಡಿಯ ಆರತಿಯು ತನ್ನದೆನಿಸದಿದ್ದರೆ ಅದರಲ್ಲಿ ಆಶ್ಚರ್ಯವೇನು?

ಆದುದರಿಂದ ಪ್ರಾಚೀನತೆಯೊಂದೇ ನಿಜತ್ವಕ್ಕೆ ಪ್ರಮಾಣವಲ್ಲ, ದೇಶೀಯವೇಷವೂ ಪ್ರಮಾಣವಲ್ಲ. ತೋಟದ ಕೆಲಸದಿಂದ ಬಂದು ಇಗರ್ಜಿಯ ಕಡೆಯ ಸಾಲಿನಲ್ಲಿ ನಿಂತವಳಿಗೆ ಪೀಠದ ಮಾತು ತಿಳಿಯುವುದೇ, ಅಲ್ಲಿಯ ಆಚಾರವು ತನ್ನದೆನಿಸುವುದೇ ಎಂಬುದನ್ನು ಮೊದಲು ವಿಚಾರಿಸಬೇಕು. ಜೀರ್ಣೋದ್ಧಾರದ ಗುಣದೋಷಗಳನ್ನು ಅಲ್ಲಿಂದಲೇ ಅಳೆಯತಕ್ಕದ್ದೆಂದು ನಮ್ಮ ಮತ.